ಪ್ರಶ್ನೋತ್ತರ: ಕುಂಡದ ಗಿಡಗಳು ಮತ್ತು ಮನೆಯೊಳಗಿನ ಗಾಳಿ

ಮನೆಯೊಳಗೆ ಬೆಳೆಸುವ ಗಿಡಗಳ ಬಗ್ಗೆ ಪ್ರಶ್ನೆ ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಶಿರಸಿ, ಸಿದ್ದಾಪುರದವರೆಗೆ ನಾನಾ ಕಡೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಮಾತನ್ನು ಬೇರೆ ಬೇರೆ ಬಗೆಯಲ್ಲಿ ಕೇಳಿವೆ: ಗಿಡ ಇಟ್ಟರೆ ಮನೆಯ ಗಾಳಿ ಶುದ್ಧವಾಗುತ್ತದೆಯೇ? ಪುನರಾವರ್ತನೆಯಾದವನ್ನು ಬಿಟ್ಟು ಉಳಿದವುಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಎಂದಿನಂತೆ ಪ್ರಕಟಿಸಿಲ್ಲ.

ಪ್ರಶ್ನೆ: ಮೂರು ತಿಂಗಳ ಹಿಂದೆ ಹೊಸ ಫ್ಲ್ಯಾಟಿಗೆ ಬಂದೆವು. ಗೋಡೆಗೆ ಹೊಸ ಪೇಂಟ್, ಮಲಗುವ ಕೋಣೆಯಲ್ಲಿ ಪ್ಲೈವುಡ್ಡಿನ ದೊಡ್ಡ ಕಪಾಟು. ಕೋಣೆಗೆ ಹೋದರೆ ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ. ನರ್ಸರಿಯವರು ಗಾಳಿ ಶುದ್ಧ ಮಾಡುವ ಗಿಡಗಳೆಂದು ಹತ್ತು ಕುಂಡ ಕೊಟ್ಟರು. ಒಂದು ತಿಂಗಳಾದರೂ ವ್ಯತ್ಯಾಸವಿಲ್ಲ. ಇನ್ನಷ್ಟು ಗಿಡ ತರಬೇಕೆ? (ಕೋಡಿಬಾಗ, ಕಾರವಾರ)

ತರಬೇಡಿ. ನಿಮ್ಮ ತೊಂದರೆಯ ಮೂಲವನ್ನು ನೀವೇ ಪತ್ರದಲ್ಲಿ ಬರೆದಿದ್ದೀರಿ. ಪ್ಲೈವುಡ್ಡಿನ ಪದರಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಇರುತ್ತದೆ; ಅದು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಗಾಳಿಗೆ ಬಿಡುಗಡೆಯಾಗುತ್ತಲೇ ಇರುತ್ತದೆ, ಕಣ್ಣನ್ನೂ ಗಂಟಲನ್ನೂ ಕೆರಳಿಸುತ್ತದೆ. ಸೆಕೆ ಮತ್ತು ತೇವ ಎರಡೂ ಹೆಚ್ಚಿದಷ್ಟು ಈ ಬಿಡುಗಡೆಯೂ ಹೆಚ್ಚು. ಕಾರವಾರದ ಏಪ್ರಿಲ್, ಮೇ ತಿಂಗಳುಗಳಲ್ಲಿ ಎರಡಕ್ಕೂ ಕೊರತೆಯಿಲ್ಲವಾದ್ದರಿಂದ ಧಾರವಾಡದಲ್ಲಿರುವ ಅದೇ ಕಪಾಟಿಗಿಂತ ನಿಮ್ಮದು ಹೆಚ್ಚು ವಾಸನೆ ಬೀರಿದರೆ ಆಶ್ಚರ್ಯಪಡಬೇಕಾಗಿಲ್ಲ.

ನರ್ಸರಿಯವರು ಹೇಳಿದ ಮಾತು ಅವರು ಕಟ್ಟಿದ ಕಥೆಯಲ್ಲ, ಅದಕ್ಕೊಂದು ಮೂಲವಿದೆ. 1989ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾಕ್ಕಾಗಿ ಬಿ. ಸಿ. ವುಲ್ವರ್ಟನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಒಂದು ಪ್ರಯೋಗದ ವರದಿ ಹೊರತಂದರು. ಗಾಳಿಯಾಡದಂತೆ ಮುಚ್ಚಿದ ಪಾರದರ್ಶಕ ಪೆಟ್ಟಿಗೆಯೊಳಗೆ ಕುಂಡದ ಗಿಡವನ್ನಿಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್, ಟ್ರೈಕ್ಲೋರೋಎಥಿಲೀನ್ ಆವಿಗಳನ್ನು ಬಿಟ್ಟು, 24 ಗಂಟೆಗಳ ನಂತರ ಎಷ್ಟು ಉಳಿದಿದೆ ಎಂದು ಅಳೆದರು. ಪ್ರಮಾಣ ಇಳಿದಿತ್ತು. ಎಲೆಗಿಂತ ಬೇರಿನ ಸುತ್ತಲಿನ ಮಣ್ಣು ಮತ್ತು ಅಲ್ಲಿನ ಸೂಕ್ಷ್ಮಜೀವಿಗಳು ಈ ಕೆಲಸದಲ್ಲಿ ದೊಡ್ಡ ಪಾಲು ಮಾಡುತ್ತವೆ ಎಂಬುದನ್ನೂ ಅವರು ಕಂಡುಕೊಂಡರು. ಪ್ರಯೋಗ ಸುಳ್ಳಲ್ಲ. ಆದರೆ ಅದು ಬಾಹ್ಯಾಕಾಶ ನೌಕೆಯಂಥ, ಕಿಟಕಿಯನ್ನು ತೆರೆಯಲಾಗದ ಜಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಬಾಗಿಲು ತೆಗೆದರೆ ಮುಚ್ಚಿದರೆ ಗಾಳಿ ಬದಲಾಗುವ ಮನೆಗೆ ಅದನ್ನು ಹಾಗೆಯೇ ಅನ್ವಯಿಸಿದ್ದು ನಂತರದವರ, ಮುಖ್ಯವಾಗಿ ಗಿಡ ಮಾರುವವರ ಕೆಲಸ.

2019ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಬ್ರಯಾನ್ ಕಮ್ಮಿಂಗ್ಸ್ ಮತ್ತು ಮೈಕೆಲ್ ವಾರಿಂಗ್ ಅವರು ಅದುವರೆಗಿನ ಹನ್ನೆರಡು ಅಧ್ಯಯನಗಳ 196 ಪ್ರಯೋಗಗಳ ಫಲಿತಾಂಶವನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಸಾಮಾನ್ಯ ಕಟ್ಟಡವೊಂದರಲ್ಲಿ ಒಳಗಾಳಿ ಹೊರಗಾಳಿಗಳ ಅದಲುಬದಲಿನಿಂದ ತಾನಾಗಿಯೇ ಆಗುವ ಶುದ್ಧೀಕರಣಕ್ಕೆ ಗಿಡಗಳು ಸರಿಗಟ್ಟಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡಗಳು ಬೇಕೆಂದು ಅವರ ಲೆಕ್ಕ ಹೇಳಿತು. ನಿಮ್ಮ ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ ಇದೆಯೆಂದು ಇಟ್ಟುಕೊಳ್ಳೋಣ. ಅದು ಸುಮಾರು 11 ಚದರ ಮೀಟರ್. ಹಾಗಾದರೆ ಕಡಿಮೆಯೆಂದರೂ 110 ಕುಂಡಗಳು. ಅಷ್ಟನ್ನು ಇಟ್ಟ ಮೇಲೆ ಮಂಚಕ್ಕೆ ಜಾಗ ಉಳಿಯುವುದಿಲ್ಲ.

ನೀವು ಮಾಡಬೇಕಾದದ್ದು ಬೇರೆ. ಕರಾವಳಿಯಲ್ಲಿ ಬೇಸಿಗೆಯ ದಿನಗಳಲ್ಲಿ ಹೊತ್ತು ಏರಿದಂತೆ ಗಾಳಿ ಕಡಲಿನಿಂದ ನೆಲದತ್ತ ಬೀಸುತ್ತದೆ, ರಾತ್ರಿ ಕಳೆದಂತೆ ನೆಲದಿಂದ ಕಡಲಿನತ್ತ ತಿರುಗುತ್ತದೆ. ಮೀನುಗಾರರು ಇದನ್ನು ನಂಬಿ ದೋಣಿ ಬಿಡುತ್ತಿದ್ದರು, ನೀವು ಇದನ್ನು ನಂಬಿ ಕಿಟಕಿ ತೆರೆಯಬಹುದು. ಮಧ್ಯಾಹ್ನದಿಂದ ಸಂಜೆಯವರೆಗೆ ಪಶ್ಚಿಮದ ಕಿಟಕಿಯನ್ನೂ ಅದಕ್ಕೆ ಎದುರಿನ ಬಾಗಿಲನ್ನೂ ಒಟ್ಟಿಗೆ ತೆರೆದಿಡಿ. ಒಂದೇ ಕಡೆ ತೆರೆದರೆ ಗಾಳಿ ಹಾಯುವುದಿಲ್ಲ. ಕಪಾಟಿನ ಬಾಗಿಲು, ಸೆಳೆಖಾನೆಗಳನ್ನೂ ಆ ಹೊತ್ತಿನಲ್ಲಿ ತೆರೆದಿಟ್ಟು ಫ್ಯಾನ್ ಹಾಕಿ. ಕಪಾಟಿನ ಹಿಂಬದಿಯಲ್ಲಿ, ಹಲಗೆಗಳ ಕೆಳಬದಿಯಲ್ಲಿ ಪ್ಲೈವುಡ್ಡಿನ ಕತ್ತರಿಸಿದ ಅಂಚುಗಳು ಬರಿದಾಗಿಯೇ ಇವೆಯೇ ಎಂದು ಕೈಯಾಡಿಸಿ ನೋಡಿ. ಹೆಚ್ಚು ಆವಿ ಹೊರಬರುವುದು ಅಲ್ಲಿಂದಲೇ. ಬಡಗಿಯವರನ್ನು ಕರೆಸಿ ಆ ಅಂಚುಗಳಿಗೆ ಪಟ್ಟಿ ಅಂಟಿಸಿದರೆ ಅಥವಾ ವಾರ್ನಿಶ್ ಬಳಿಸಿದರೆ ಗಣನೀಯವಾಗಿ ತಗ್ಗುತ್ತದೆ. ಮುಂದೆ ಪ್ಲೈವುಡ್ ಕೊಳ್ಳುವಾಗ ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವ ಇ-ಝೀರೋ ಅಥವಾ ಇ-ಒನ್ ದರ್ಜೆಯದೇ ಎಂದು ಕೇಳಿ ತೆಗೆದುಕೊಳ್ಳಿ. ವಾಸನೆ ತಗ್ಗುವವರೆಗೆ ಸಾಧ್ಯವಾದರೆ ಬೇರೆ ಕೋಣೆಯಲ್ಲಿ ಮಲಗಿ.

ಹತ್ತು ಗಿಡಗಳ ಪೈಕಿ ನಾಲ್ಕನ್ನು ಬೆಳಕಿರುವ ಕಡೆ ಇಟ್ಟುಕೊಂಡು ಉಳಿದವನ್ನು ನೆರೆಯವರಿಗೆ ಕೊಟ್ಟುಬಿಡಿ. ಗಿಡದ ಮೇಲೆ ಇಲ್ಲದ ಹೊರೆ ಹೊರಿಸದಿದ್ದರೆ ಅದನ್ನು ನೋಡುವ ಸಂತೋಷ ಹೆಚ್ಚುತ್ತದೆ ಎಂಬುದು ನನ್ನ ಅನುಭವ.

ಪ್ರಶ್ನೆ: ನಮ್ಮದು ಅಡಿಕೆ ತೋಟ. ಮಗ ಬೆಂಗಳೂರಿನಿಂದ ಬರುವಾಗ 'ಅರೆಕಾ ಪಾಮ್' ಎಂದು ಎಂಟುನೂರು ರೂಪಾಯಿ ಕೊಟ್ಟು ಕುಂಡ ತಂದಿದ್ದಾನೆ. ಅರೆಕಾ ಎಂದರೆ ಅಡಿಕೆಯಲ್ಲವೇ? ತೋಟದಲ್ಲಿ ಸಾವಿರ ಮರಗಳಿರುವಾಗ ಇದೇಕೆ? (ಶಿರಸಿ ತಾಲ್ಲೂಕು)

ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಮಗ ಮೋಸಹೋಗಿಲ್ಲ. ನರ್ಸರಿಗಳಲ್ಲಿ ಅರೆಕಾ ಪಾಮ್ ಎಂದು ಮಾರುವುದು ನಮ್ಮ ಅಡಿಕೆಯಲ್ಲ. ಡಿಪ್ಸಿಸ್ ಲ್ಯೂಟೆಸೆನ್ಸ್ ಎಂಬ, ಮಡಗಾಸ್ಕರ್ ದ್ವೀಪದಿಂದ ಬಂದ ಬೇರೊಂದು ತಾಳೆ. ನಮ್ಮ ಅಡಿಕೆಯ ಶಾಸ್ತ್ರೀಯ ಹೆಸರು ಅರೆಕಾ ಕಟೆಚು. ಎರಡೂ ಒಂದೇ ದೊಡ್ಡ ಕುಟುಂಬದ ದೂರದ ನೆಂಟರು. ಗುರುತಿಸುವುದು ಸುಲಭ: ಅಡಿಕೆ ಒಂಟಿ ಕಾಂಡದಲ್ಲಿ ನೆಟ್ಟಗೆ ಹೋಗುತ್ತದೆ, ಮಡಗಾಸ್ಕರದ್ದು ಬುಡದಿಂದಲೇ ಹಿಂಡುಹಿಂಡಾಗಿ ಒಡೆಯುತ್ತದೆ, ಅದರ ಎಲೆದಂಟು ಹಳದಿ ಛಾಯೆಯದು.

ಎಂಟುನೂರು ರೂಪಾಯಿ ಉಳಿಸಬೇಕೆಂದಿದ್ದರೆ ಅಡಿಕೆ ಸಸಿಯನ್ನೇ ಕುಂಡದಲ್ಲಿ ಬೆಳೆಸಿ ಜಗಲಿಯಲ್ಲಿಡಬಹುದು. ಎಳೆಯ ಅಡಿಕೆಗೆ ನೇರ ಬಿಸಿಲು ತಾಗದ ಹಾಗೆ ನೆರಳು ಬೇಕೆಂಬುದು ನಿಮಗೆ ನಾನು ಹೇಳಬೇಕಾದದ್ದಲ್ಲ. ಆ ಗುಣವೇ ಅದನ್ನು ಒಂದೆರಡು ವರ್ಷಗಳ ಮಟ್ಟಿಗೆ ಒಳ್ಳೆಯ ಒಳಾಂಗಣ ಗಿಡವನ್ನಾಗಿ ಮಾಡುತ್ತದೆ. ಬೆಳೆದ ಮೇಲೆ ಸತ್ತ ಸಸಿ ಇದ್ದ ಜಾಗಕ್ಕೆ ತೋಟದಲ್ಲಿ ನೆಟ್ಟರಾಯಿತು. ಮಗನ ಪಾಮಿಗೆ ಆ ಮುಂದಿನ ಉಪಯೋಗವಿಲ್ಲ. ಗಾಳಿಯ ಮಾತು ಹೇಳುವುದಾದರೆ, ತೋಟದ ನಡುವೆ ಹೆಂಚಿನ ಮಾಡಿನ ಮನೆಯಲ್ಲಿರುವ ನಿಮಗೆ ಎರಡರಿಂದಲೂ ಅಂಥ ಉಪಕಾರವೇನೂ ಇಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಮನೆಯೊಳಗೆ ಮುಗ್ಗಲು ವಾಸನೆ ತಡೆಯಲಾಗುವುದಿಲ್ಲ. ಗೋಡೆಯಲ್ಲಿ, ಬಟ್ಟೆಯಲ್ಲಿ ಬೂಷ್ಟು. ಪೀಸ್ ಲಿಲಿ ಇಟ್ಟರೆ ಬೂಷ್ಟನ್ನು ಹೀರಿಕೊಳ್ಳುತ್ತದೆ ಎಂದು ಕೇಳಿದ್ದೇವೆ. ನಿಜವೇ? (ಕುಮಟಾ)

ನಿಜವಲ್ಲ, ಮಾತ್ರವಲ್ಲ, ಮಳೆಗಾಲದ ಮಟ್ಟಿಗೆ ಅದು ತಿರುವುಮುರುವು. ಗಿಡ ಬೇರಿನಿಂದ ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಎಲೆಯ ರಂಧ್ರಗಳಿಂದ ಆವಿಯಾಗಿ ಹೊರಗೆ ಹೋಗುತ್ತದೆ. ಹತ್ತು ಕುಂಡಗಳಿಗೆ ದಿನಕ್ಕೆ ತಲಾ ಒಂದು ಲೋಟ ನೀರು ಹಾಕಿದಿರಿ ಎಂದರೆ ಹೆಚ್ಚುಕಡಿಮೆ ಎರಡು ಲೀಟರ್ ನೀರನ್ನು ಕೋಣೆಯ ಗಾಳಿಗೆ ಸೇರಿಸಿದಿರಿ ಎಂದೇ ಅರ್ಥ. ದೆಹಲಿಯ ಚಳಿಗಾಲದ ಒಣಗಾಳಿಗೆ ಇದು ಹಿತವಾಗಬಹುದು. ಡಬ್ಬದೊಳಗಿನ ಉಪ್ಪು ತಾನಾಗಿ ನೀರೊಡೆದು, ಬೆಂಕಿಕಡ್ಡಿ ನಾಲ್ಕು ಬಾರಿ ಗೀರಿದರೂ ಹೊತ್ತದೆ, ಡಬ್ಬದಿಂದ ತೆಗೆದ ಹಪ್ಪಳ ಬಟ್ಟೆಯ ಹಾಗೆ ಮಡಚಿಕೊಳ್ಳುವ ಕುಮಟೆಯ ಆಷಾಢಕ್ಕೆ ಇದು ಬೇಡದ ಸೇವೆ.

ಬೂಷ್ಟು ಬೆಳೆಯುವುದು ತೇವದಿಂದ. ಗಾಳಿಯ ತೇವಾಂಶ ಶೇಕಡಾ 70ನ್ನು ದಾಟಿ ದಿನಗಟ್ಟಲೆ ಹಾಗೆಯೇ ನಿಂತರೆ ಗೋಡೆ, ಚರ್ಮದ ಚಪ್ಪಲಿ, ಪುಸ್ತಕದ ರಟ್ಟು ಯಾವುದನ್ನೂ ಅದು ಬಿಡುವುದಿಲ್ಲ. ಆದ್ದರಿಂದ ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯುತ್ತಿದ್ದಂತೆ ಕುಂಡಗಳನ್ನು ಒಳಗಿನಿಂದ ಜಗಲಿಗೆ ಸಾಗಿಸಿ, ಎರಚಲು ನೇರವಾಗಿ ಬಡಿಯದ ಜಾಗದಲ್ಲಿಡಿ. ನವರಾತ್ರಿಯ ಹೊತ್ತಿಗೆ ಮತ್ತೆ ಒಳಗೆ ತನ್ನಿ. ಒಳಗೇ ಇರಲೇಬೇಕಾದವಕ್ಕೆ ನೀರನ್ನು ಅರ್ಧಕ್ಕಿಂತ ಕಡಿಮೆ ಮಾಡಿ. ಅಡಿಕೆಗೆ ಕೊಳೆ ಬರುವ ಹಂಗಾಮಿನಲ್ಲಿಯೇ ಕುಂಡದ ಬೇರೂ ಕೊಳೆಯುತ್ತದೆ. ಇಲ್ಲಿಯೂ ಕಾರಣ ಅದೇ ಬಗೆಯ, ನೀರಿನಲ್ಲಿ ಹರಡುವ ಶಿಲೀಂಧ್ರದಂಥ ಜೀವಿಗಳು. ಒಣಗಿದಂತೆ ಜೋತುಬಿದ್ದ ಎಲೆಯನ್ನು ಕಂಡು ಮತ್ತೆ ನೀರು ಹಾಕಿ ನಾನೇ ಒಂದು ಪೀಸ್ ಲಿಲಿಯನ್ನು ಕೊಂದಿದ್ದೇನೆ. ಕಿತ್ತು ನೋಡಿದರೆ ಬೇರು ಕಪ್ಪಾಗಿ, ಬೆರಳಲ್ಲಿ ಹಿಡಿದೆಳೆದ ಕೂಡಲೇ ಮೇಲಿನ ಸಿಪ್ಪೆ ಕಳಚಿ ನೂಲಿನಂಥ ಎಳೆ ಮಾತ್ರ ಕೈಯಲ್ಲಿ ಉಳಿಯಿತು. ನೀರು ಹಾಕುವ ಮುಂಚೆ ಕುಂಡವನ್ನು ಎತ್ತಿ ತೂಕ ನೋಡುವ ಅಭ್ಯಾಸ ಅಂದಿನಿಂದ ಬಂತು: ಭಾರವಾಗಿದ್ದರೆ ಚೊಂಬು ಕೆಳಗಿಡುವುದು.

ಮುಗ್ಗಲು ವಾಸನೆಗೆ ನೇರ ಉಪಾಯಗಳೆಂದರೆ, ಮಳೆ ಹೊಳವಾದ ಹೊತ್ತಿನಲ್ಲಿ ಎದುರುಬದುರು ಕಿಟಕಿಗಳನ್ನು ತೆರೆಯುವುದು, ಕಪಾಟನ್ನು ಗೋಡೆಯಿಂದ ಗೇಣು ದೂರಕ್ಕೆ ಸರಿಸುವುದು, ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವದಿರುವುದು, ಬಚ್ಚಲು ಮತ್ತು ಅಡುಗೆಮನೆಗೆ ಗಾಳಿ ಹೊರದೂಡುವ ಫ್ಯಾನ್ ಹಾಕಿಸುವುದು. ಮುಚ್ಚಿದ ಕಪಾಟಿನೊಳಕ್ಕೆ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು ಅಂಗಡಿಯಲ್ಲಿ ಸಿಗುತ್ತವೆ; ಅದರಲ್ಲಿ ತುಂಬಿದ ನೀರನ್ನು ಗಿಡಕ್ಕೆ ಮಾತ್ರ ಹೊಯ್ಯಬೇಡಿ, ಅದು ಉಪ್ಪಿನ ದ್ರಾವಣ. ಗೋಡೆ ಪ್ರತಿವರ್ಷವೂ ಅದೇ ಜಾಗದಲ್ಲಿ ಒದ್ದೆಯಾಗುತ್ತಿದ್ದರೆ ಅದು ಹೊರಗಿನಿಂದ ನೀರು ಇಳಿಯುತ್ತಿರುವ ಲಕ್ಷಣ, ಗಾರೆಯವರಿಗೆ ತೋರಿಸಬೇಕು.

ಪ್ರಶ್ನೆ: ರಾತ್ರಿ ಗಿಡ ಆಮ್ಲಜನಕವನ್ನು ತಾನೇ ಕುಡಿಯುತ್ತದೆ, ಮಲಗುವಲ್ಲಿ ಇಡಬಾರದು ಎಂದು ಅತ್ತೆಯವರು ಹೇಳುತ್ತಾರೆ. ಸ್ನೇಕ್ ಪ್ಲಾಂಟ್ ಮಾತ್ರ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಎಂದು ಮಗಳು ವಾದಿಸುತ್ತಾಳೆ. ಯಾರ ಮಾತು ಸರಿ? ನಮ್ಮಲ್ಲಿ ಸೊಳ್ಳೆ ಹೆಚ್ಚಾದ್ದರಿಂದ ಕಿಟಕಿ ಮುಚ್ಚಿ, ಕಾಯಿಲ್ ಹಚ್ಚಿ ಮಲಗುತ್ತೇವೆ. (ಅಂಕೋಲಾ)

ಅತ್ತೆಯವರ ವಿಜ್ಞಾನ ಸರಿ, ಅಳತೆ ಸರಿಯಲ್ಲ. ಕತ್ತಲೆಯಲ್ಲಿ ಗಿಡವೂ ನಮ್ಮಂತೆ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆದರೆ ಮಲಗಿರುವ ಮನುಷ್ಯನೊಬ್ಬ ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ; ಕುಂಡದ ಗಿಡ ಬಿಡುವುದು ಅದರ ಮುಂದೆ ಲೆಕ್ಕಕ್ಕಿಲ್ಲದಷ್ಟು ಅಲ್ಪ. ಗಿಡವನ್ನು ಹೊರಗಿಡಬೇಕೆಂಬ ತರ್ಕವನ್ನು ಕೊನೆಯವರೆಗೆ ಎಳೆದರೆ ಮೊದಲು ಮಾವನವರನ್ನು ಹೊರಗೆ ಮಲಗಿಸಬೇಕಾಗುತ್ತದೆ.

ಮಗಳು ಕೇಳಿದ್ದರಲ್ಲಿ ಅರ್ಧ ಸತ್ಯವಿದೆ. ಒಣ ಪ್ರದೇಶದ ಗಿಡಗಳಾದ ಸ್ನೇಕ್ ಪ್ಲಾಂಟ್, ಲೋಳೆಸರ ಮುಂತಾದವು ನೀರು ಉಳಿಸಲು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ನಮ್ಮ ಬನವಾಸಿಯ ಅನಾನಸಿನದೂ ಇದೇ ರೀತಿ. ರಾತ್ರಿ ಒಳಗೆ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಬೆಳಗಾದ ಮೇಲೆ ಅದರಿಂದ ಸಕ್ಕರೆ ತಯಾರಿಸುತ್ತವೆ. ಆಮ್ಲಜನಕ ಹುಟ್ಟುವುದು ಬೆಳಕಿನ ಸಹಾಯದಿಂದ ನೀರಿನ ಅಣು ಒಡೆದಾಗ. ಕತ್ತಲೆಯಲ್ಲಿ ಯಾವ ಗಿಡವೂ ಅದನ್ನು ಹೊಸದಾಗಿ ಮಾಡಲಾರದು. ಆದ್ದರಿಂದ ಸ್ನೇಕ್ ಪ್ಲಾಂಟ್ ಕೋಣೆಯಲ್ಲಿದ್ದರೆ ಹಾನಿಯಿಲ್ಲ, ಅದರಿಂದ ರಾತ್ರಿ ಉಸಿರಾಟಕ್ಕೆ ಲಾಭವೂ ಇಲ್ಲ. ವಾರಗಟ್ಟಲೆ ನೀರು ಮರೆತರೂ ಸಾಯದಿರುವುದು ಅದರ ನಿಜವಾದ ಗುಣ.

ನನ್ನನ್ನು ಕಳವಳಗೊಳಿಸಿದ್ದು ನಿಮ್ಮ ಪತ್ರದ ಕೊನೆಯ ವಾಕ್ಯ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂದು ಸೊಳ್ಳೆ ಕಾಯಿಲ್ ಪೂರ್ತಿ ಉರಿದರೆ ಅದರಿಂದ ಬರುವ ಅತಿಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಯಲ್ಲಿರುವಷ್ಟು ಇರುತ್ತವೆ ಎಂದು ತೋರಿಸಿತು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದನ್ನು ಹಚ್ಚಿಟ್ಟು, ಗಾಳಿ ಶುದ್ಧವಾಗಲೆಂದು ಮೂಲೆಯಲ್ಲಿ ಗಿಡ ಇಡುವುದು ಒಂದು ಕೈಯಿಂದ ಸುರಿದು ಇನ್ನೊಂದು ಕೈಯಿಂದ ಚಮಚದಲ್ಲಿ ತೋಡಿದಂತೆ. ಕಿಟಕಿಗಳಿಗೆ ಸೊಳ್ಳೆ ಜಾಲರಿ ಹೊಡೆಸಿ, ಮಂಚಕ್ಕೆ ಪರದೆ ಕಟ್ಟಿ, ಕಿಟಕಿ ತೆರೆದು ಮಲಗಿ. ಜಾಲರಿಯ ಖರ್ಚು ಎರಡು ಮೂರು ಒಳ್ಳೆಯ ಕುಂಡಗಳ ಬೆಲೆಗಿಂತ ಬಹಳ ಹೆಚ್ಚೇನೂ ಆಗದು.

ಪ್ರಶ್ನೆ: ತುಳಸಿ ಗಿಡ ಓಝೋನ್ ಬಿಡುತ್ತದೆ, ಅದನ್ನು ಮನೆಯೊಳಗೆ ಬೆಳೆಸಬೇಕು ಎಂಬ ಸಂದೇಶ ಮೊಬೈಲಿನಲ್ಲಿ ಹರಿದಾಡುತ್ತಿದೆ. (ಹೊನ್ನಾವರ)

ಓಝೋನ್ ನಮಗೆ ಒಳ್ಳೆಯದು ಆಕಾಶದ ಎತ್ತರದಲ್ಲಿದ್ದಾಗ, ಅಲ್ಲಿ ಅದು ಸೂರ್ಯನ ಅತಿನೇರಳೆ ಕಿರಣವನ್ನು ತಡೆಯುತ್ತದೆ. ಉಸಿರಾಡುವ ಗಾಳಿಯಲ್ಲಿದ್ದರೆ ಶ್ವಾಸಕೋಶವನ್ನು ಕೆರಳಿಸುವ ವಿಷಾನಿಲ. ತುಳಸಿ ಅದನ್ನು ಬಿಡುವುದಿಲ್ಲ ಎಂಬುದು ತುಳಸಿಯ ಪುಣ್ಯ, ನಮ್ಮದೂ. ತುಳಸಿಗೆ ದಿನಕ್ಕೆ ನಾಲ್ಕಾರು ಗಂಟೆಗಳ ನೇರ ಬಿಸಿಲು ಬೇಕು. ಒಳಗಿಟ್ಟರೆ ಕಾಂಡ ಸಣಕಲಾಗಿ, ಎಲೆ ಉದುರಿ ಸಾಯುತ್ತದೆ. ಹಿರಿಯರು ತುಳಸಿಕಟ್ಟೆಯನ್ನು ಅಂಗಳದ ನಡುವೆ ಕಟ್ಟಿದ್ದು ಸರಿಯಾದ ತೋಟಗಾರಿಕೆಯೂ ಹೌದು.

ಪ್ರಶ್ನೆ: ಮನೆಯಲ್ಲಿ ಒಂದೂವರೆ ವರ್ಷದ ಮೊಮ್ಮಗನಿದ್ದಾನೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾನೆ. ಯಾವ ಗಿಡ ಇಡಬಹುದು, ಯಾವುದು ಬೇಡ? (ಭಟ್ಕಳ)

ಕೆಸುವಿನ ಎಲೆಯನ್ನು ಸರಿಯಾಗಿ ಹುಳಿ ಹಾಕದೆ ಬೇಯಿಸಿ ತಿಂದು ಗಂಟಲು ತುರಿಸಿಕೊಂಡ ಅನುಭವ ನಮ್ಮ ಜಿಲ್ಲೆಯಲ್ಲಿ ಯಾರಿಗಿಲ್ಲ? ಆ ತುರಿಕೆಗೆ ಕಾರಣ ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು. ಮನಿಪ್ಲಾಂಟ್, ಡೈಫೆನ್‌ಬೇಕಿಯಾ, ಫಿಲೋಡೆಂಡ್ರಾನ್, ಪೀಸ್ ಲಿಲಿ, ಅಂಥೂರಿಯಂ ಇವೆಲ್ಲವೂ ಕೆಸುವಿನ ಕುಟುಂಬದವೇ, ಇವುಗಳಲ್ಲಿಯೂ ಅದೇ ಹರಳುಗಳಿವೆ. ಪತ್ರೊಡೆಗೂ ಕರಕಲಿಗೂ ಹುಳಿ ಹಾಕಿ ಬೇಯಿಸುತ್ತೇವೆ. ಮಗು ಮನಿಪ್ಲಾಂಟಿನ ಎಲೆಯನ್ನು ಹಸಿಯಾಗಿಯೇ ಜಗಿಯುತ್ತದೆ. ಬಾಯಿ ಉರಿದು, ತುಟಿ ನಾಲಿಗೆ ಊದಿಕೊಳ್ಳಬಹುದು. ಡೈಫೆನ್‌ಬೇಕಿಯಾ ಇವುಗಳಲ್ಲಿ ಹೆಚ್ಚು ಕೆಟ್ಟದ್ದು, ಅಗಲ ಎಲೆಯ ಮೇಲೆ ಬಿಳಿ ಮಚ್ಚೆಗಳಿರುವ ಈ ಗಿಡವನ್ನು ಮಗು ದೊಡ್ಡದಾಗುವವರೆಗೆ ಮನೆಯಿಂದಲೇ ದೂರವಿಡಿ. ಉಳಿದವನ್ನು ಕೈಗೆಟುಕದಂತೆ ತೂಗುಹಾಕಬಹುದಾದರೂ ಉದ್ದವಾಗಿ ಇಳಿಬೀಳುವ ಬಳ್ಳಿಯನ್ನು ಕತ್ತರಿಸುತ್ತಿರಬೇಕು. ಆಕಸ್ಮಿಕವಾಗಿ ಜಗಿದರೆ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ತಣ್ಣನೆಯ ನೀರೋ ಹಾಲೋ ಕುಡಿಸಿ. ಊತ ಕಂಡರೆ, ನುಂಗಲು ಅಥವಾ ಉಸಿರಾಡಲು ಕಷ್ಟಪಟ್ಟರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ನಿಶ್ಚಿಂತೆಯಿಂದ ಇಡಬಹುದಾದವು ಸ್ಪೈಡರ್ ಪ್ಲಾಂಟ್, ಮೇಲೆ ಹೇಳಿದ ಅರೆಕಾ ಪಾಮ್, ಬಾಸ್ಟನ್ ಫರ್ನ್ ಎಂಬ ಜರೀಗಿಡ. ಕಿಟಕಿಯಲ್ಲಿ ಒಳ್ಳೆಯ ಬೆಳಕಿದ್ದರೆ ದೊಡ್ಡಪತ್ರೆಯನ್ನೂ ಇಡಿ. ಮೊಮ್ಮಗ ಅದನ್ನು ಜಗಿದರೆ ತಂಬುಳಿ ಮಾಡಲು ಎಲೆ ಕಡಿಮೆಯಾಗುತ್ತದೆ, ಅಷ್ಟೇ.

ಪ್ರಶ್ನೆ: ಅಡುಗೆಗೂ ಬಚ್ಚಲಿಗೂ ಸೌದೆಯೊಲೆ ಬಳಸುತ್ತೇವೆ. ಹೊಗೆಯಿಂದ ಅಮ್ಮನಿಗೆ ಕೆಮ್ಮು. ಅಡುಗೆಮನೆಯಲ್ಲಿ ಯಾವ ಗಿಡ ಇಟ್ಟರೆ ಹೊಗೆ ಹೀರುತ್ತದೆ? (ಸಿದ್ದಾಪುರ ತಾಲ್ಲೂಕು)

ಯಾವುದೂ ಇಲ್ಲ. ಇದನ್ನು ಮೆತ್ತಗೆ ಹೇಳಿ ನಿಮ್ಮನ್ನು ನರ್ಸರಿಗೆ ಕಳುಹಿಸಿದರೆ ಅಮ್ಮನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಸೌದೆಯ ಹೊಗೆಯಲ್ಲಿರುವ ಸೂಕ್ಷ್ಮ ಕಣಗಳು ಎಲೆಯ ಮೇಲೆ ಒಂದಿಷ್ಟು ಕೂರಬಹುದು, ಆದರೆ ಒಲೆಯ ಮುಂದೆ ಕುಳಿತವರ ಎದೆಗೆ ಹೋಗುವ ಹೊಗೆಯನ್ನು ಅದು ತಡೆಯದು. ವರ್ಷಗಟ್ಟಲೆ ಹೊಗೆ ಕುಡಿದವರಿಗೆ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಬರುವುದು ಚೆನ್ನಾಗಿ ತಿಳಿದ ಸಂಗತಿಯಾದ್ದರಿಂದ ಮೊದಲು ಅವರನ್ನು ವೈದ್ಯರಿಗೆ ತೋರಿಸಿ.

ಹಳೆಯ ಹೆಂಚಿನ ಮನೆಗಳಲ್ಲಿ ಹೊಗೆ ಅಟ್ಟವನ್ನು ದಾಟಿ ಹೆಂಚಿನ ಸಂದುಗಳಿಂದ ಮೇಲೆ ಹೋಗುತ್ತಿತ್ತು, ಹೋಗುವ ದಾರಿಯಲ್ಲಿ ಅಟ್ಟದ ಮೇಲಿನ ಸಾಮಾನನ್ನು ಹುಳದಿಂದ ಕಾಯುತ್ತಿತ್ತು. ಅದೇ ಒಲೆಯನ್ನು ತಾರಸಿ ಮನೆಯೊಳಕ್ಕೆ ತಂದಾಗ ಹೊಗೆಗೆ ದಾರಿ ಇಲ್ಲದಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ಕೇಂದ್ರ ರೂಪಿಸಿದ ಅಸ್ತ್ರ ಒಲೆಯನ್ನು ನಿಮ್ಮ ಸುತ್ತಿನ ಯಾವುದಾದರೂ ಮನೆಯಲ್ಲಿ ನೋಡಿರಬಹುದು. ಅದರಲ್ಲಿ ಹೊಗೆ ಕೊಳವೆಯ ಮೂಲಕ ಮಾಡಿನಾಚೆಗೆ ಹೋಗುತ್ತದೆ, ಸೌದೆಯೂ ಕಡಿಮೆ ಸಾಕು. ಹೊಸದನ್ನು ಕಟ್ಟಿಸುವಾಗ ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಎತ್ತರಕ್ಕೆ ಬರಲಿ, ಇಲ್ಲವಾದರೆ ಗಾಳಿ ಬೀಸಿದಾಗ ಹೊಗೆ ಹಿಂದಕ್ಕೆ ನುಗ್ಗುತ್ತದೆ. ಮಸಿಯನ್ನು ಆಗಾಗ ಉದುರಿಸಬೇಕು. ಈಗಿರುವ ಒಲೆಯಲ್ಲೇ ಇನ್ನೂ ಕೆಲಕಾಲ ಅಡುಗೆಯಾಗಬೇಕಿದ್ದರೆ ಹಸಿ ಸೌದೆಯನ್ನು ಉಪಯೋಗಿಸಬೇಡಿ. ಮಳೆಗಾಲಕ್ಕೆ ಒಣಗಿದ ಕಟ್ಟಿಗೆಯನ್ನು ಮೊದಲೇ ಕೊಟ್ಟಿಗೆಯ ಅಟ್ಟಕ್ಕೆ ಹಾಕಿಟ್ಟುಕೊಳ್ಳಿ.

ಪ್ರಶ್ನೆ: ಸ್ಪೈಡರ್ ಪ್ಲಾಂಟಿನ ಎಲೆಯ ತುದಿಗಳೆಲ್ಲ ಕಂದಾಗಿ ಒಣಗುತ್ತಿವೆ. ಮಣ್ಣು ಒಳ್ಳೆಯದೇ, ನೀರೂ ತಪ್ಪಿಸಿಲ್ಲ. (ಗೋಕರ್ಣ)

ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲ್ಪದರದಲ್ಲಿ ಬಿಳಿಯ ಪುಡಿ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಕಾರಣ ನಿಮ್ಮ ಬಾವಿಯ ನೀರು. ಕಡಲಂಚಿನ ಬಾವಿಗಳಿಗೆ ಬೇಸಿಗೆಯ ಕೊನೆಯಲ್ಲಿ ಉಪ್ಪು ಸೇರುತ್ತದೆ. ಕುಡಿದಾಗ ನಮಗೆ ಗೊತ್ತಾಗದಷ್ಟು ಉಪ್ಪು ಕುಂಡದಲ್ಲಿ ದಿನದಿನವೂ ಕೂಡಿಕೊಂಡು ಎಲೆಯ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ತೋಟದ ನೆಲದಲ್ಲಿ ಮೊದಲ ಮಳೆ ಅದನ್ನು ತೊಳೆದು ಒಯ್ಯುತ್ತದೆ, ಒಳಗಿನ ಕುಂಡಕ್ಕೆ ಮಳೆಯಿಲ್ಲ. ಹಿಡಿದಿಟ್ಟ ಮಳೆನೀರನ್ನು ಕುಂಡದ ತಳದಿಂದ ಧಾರಾಳವಾಗಿ ಹೊರಹರಿಯುವಷ್ಟು ಎರಡು ಮೂರು ಬಾರಿ ಹೊಯ್ದು, ತಳದ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಕಂದಾದ ತುದಿ ಮತ್ತೆ ಹಸಿರಾಗದು, ಹೊಸ ಎಲೆ ಸರಿಯಾಗಿ ಬರುತ್ತದೆ. ಸಡಿಲ ಮಣ್ಣಿಗಾಗಿ ಕಡಲದಂಡೆಯ ಮರಳನ್ನು ಬೆರೆಸಿದ್ದರೆ ಇಡೀ ಮಣ್ಣನ್ನೇ ಬದಲಿಸಬೇಕು. ಅದರ ಬದಲು ತೆಂಗಿನ ನಾರಿನ ಹುಡಿಯನ್ನು ಒಂದೆರಡು ಸಲ ಸಿಹಿನೀರಿನಲ್ಲಿ ನೆನೆಸಿ ಹಿಂಡಿ ಸೇರಿಸಿ, ಅದರಲ್ಲಿಯೂ ಉಪ್ಪಿರುತ್ತದೆ.

ಪ್ರಶ್ನೆ: ಪ್ರಾಥಮಿಕ ಶಾಲೆಯ ಶಿಕ್ಷಕಿ ನಾನು. ತರಗತಿಯ ಗಾಳಿ ಚೆನ್ನಾಗಿರಲೆಂದು ಮಕ್ಕಳಿಂದ ಬಾಟಲಿಗಳಲ್ಲಿ ಮನಿಪ್ಲಾಂಟ್ ಬೆಳೆಸಬೇಕೆಂದಿದ್ದೇನೆ. ಸಲಹೆ ಕೊಡಿ. (ಕಾರವಾರ)

ಬೆಳೆಸಿ, ಆದರೆ ಗಾಳಿಯ ಕಾರಣವನ್ನು ಬಿಟ್ಟುಬಿಡಿ. ಮೂವತ್ತು ನಲವತ್ತು ಮಕ್ಕಳು ಕುಳಿತ ತರಗತಿಗೆ ಬೇಕಾದದ್ದು ಎರಡೂ ಬದಿಯ ತೆರೆದ ಕಿಟಕಿಗಳು. 1984ರಲ್ಲಿ ರೋಜರ್ ಉಲ್ರಿಚ್ ಎಂಬವರು ಅಮೆರಿಕದ ಒಂದು ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದ ಶಸ್ತ್ರಚಿಕಿತ್ಸೆಯ ರೋಗಿಗಳು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ನೋವಿನ ಔಷಧ ಕಡಿಮೆ ತೆಗೆದುಕೊಂಡರು ಎಂದು ತೋರಿಸಿದರು. ಹಸಿರು ಕಣ್ಣಿಗೆ ಬೀಳುವುದರಿಂದ ಉಪಯೋಗವಿದೆ ಎಂದು ಒಪ್ಪಲು ಇಷ್ಟು ಸಾಕು. ಬಾಟಲಿಯಲ್ಲಿ ಗಿಣ್ಣಿನಿಂದ ಬಿಳಿ ಬೇರು ಇಳಿಯುವುದನ್ನು ದಿನವೂ ನೋಡುವ ಮಗುವಿಗೆ ಪಾಠವೂ ಆಗುತ್ತದೆ. ಎಲೆ ಬಾಯಿಗೆ ಹಾಕಬಾರದು ಎಂದು ಮೊದಲೇ ತಿಳಿಸಿ ಹೇಳಿ.

ಒಂದು ಎಚ್ಚರಿಕೆ ಮಾತ್ರ ನನ್ನ ಸ್ವಂತ ತಪ್ಪಿನಿಂದ ಕಲಿತದ್ದು. ನನ್ನ ಮೇಜಿನ ಮೇಲೆ ಮನಿಪ್ಲಾಂಟಿನ ಹಸಿರು ಬಾಟಲಿಯೊಂದಿತ್ತು. ನೀರು ಕಡಿಮೆಯಾದಾಗ ಮೇಲಿಂದ ತುಂಬುತ್ತಿದ್ದೆನೇ ಹೊರತು ಬದಲಿಸುತ್ತಿರಲಿಲ್ಲ. ಡೆಂಗಿ ಸಮೀಕ್ಷೆಗೆ ಮನೆಗೆ ಬಂದ ಆರೋಗ್ಯ ಕಾರ್ಯಕರ್ತೆಯೊಬ್ಬರು ಅದಕ್ಕೆ ಟಾರ್ಚ್ ಹಿಡಿದರು. ಬೇರುಗಳ ನಡುವೆ ಐದಾರು ಸೊಳ್ಳೆ ಮರಿಗಳು ತಲೆಕೆಳಗಾಗಿ ತೂಗಿಕೊಂಡು, ಬೆಳಕು ಬಿದ್ದ ಕೂಡಲೇ ಕುಣಿಯುತ್ತಾ ತಳಕ್ಕಿಳಿದವು. ಗಿಡಗಳ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುವವನ ಮೇಜಿನ ಮೇಲೆ! ಆಕೆ ಏನೂ ಅನ್ನಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡರು.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಸ್ವಚ್ಛವಾದ, ನಿಂತ ನೀರನ್ನೇ ಹುಡುಕಿ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಏಳೆಂಟು ದಿನ ಸಾಕು. ಆದ್ದರಿಂದ ವಾರಕ್ಕೊಂದು ದಿನ, ಶನಿವಾರದ ಕೊನೆಯ ಅವಧಿ ಎಂದಿಟ್ಟುಕೊಳ್ಳಿ, ಎಲ್ಲ ಬಾಟಲಿಗಳ ನೀರನ್ನೂ ಚೆಲ್ಲಿಸಿ. ಚೆಲ್ಲಿದರಷ್ಟೇ ಸಾಲದು: ಮೊಟ್ಟೆಗಳು ನೀರಿನ ಮಟ್ಟದ ಸ್ವಲ್ಪ ಮೇಲೆ ಗಾಜಿನ ಒಳಗೋಡೆಗೆ ಅಂಟಿಕೊಂಡಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ಬಾಟಲಿ ತೊಳೆಯುವ ಬ್ರಶ್ಶಿನಿಂದ ಒಳಗೋಡೆಯನ್ನು ಉಜ್ಜಿಸಿ, ಬೇರುಗಳನ್ನು ಹರಿಯುವ ನೀರಿನಲ್ಲಿ ತೊಳೆಸಿ, ಬಾಯಿಗೆ ಒಂದಿಷ್ಟು ಹತ್ತಿ ಅಥವಾ ತೆಳುಬಟ್ಟೆಯನ್ನು ಕಾಂಡದ ಸುತ್ತ ತುರುಕಿಡಿ. ತೊಳೆದ ನೀರನ್ನು ಚರಂಡಿಗಾಗಲಿ ಪಕ್ಕದ ಹೊಂಡಕ್ಕಾಗಲಿ ಬಿಡದೆ, ಬಿಸಿಲು ಬಿದ್ದ ಒಣ ನೆಲದ ಮೇಲೆ ಮಕ್ಕಳಿಂದಲೇ ಚೆಲ್ಲಿಸಿ.